ಹಿಂದಿನ ಬೆಂಚಿನ ಸೋಮನಹಳ್ಳಿ

ಬೆಂಗಳೂರಿನಿಂದ ಹಳೆಯ ಹೆದ್ದಾರಿಯಲ್ಲಿ ಮೈಸೂರಿನ ಕಡೆ ಬಂದರೆ ಚನ್ನಪಟ್ಟಣ, ನಿಡಘಟ್ಟ, ರುದ್ರಾಕ್ಷಿಪುರ ಕಳೆದು, ಮದ್ದೂರು ಇನ್ನೇನು ಬಂತು ಅನ್ನುವಾಗ ಸಿಗುವ ಊರು ಸೋಮನಹಳ್ಳಿ. ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ ಹುಟ್ಟಿದೂರು ಎಂದರೆ ನಾಡಿಗೆಲ್ಲ ಗೊತ್ತು. ಅವರ ಹೆಸರಿನ ಮುಂದಿನ ‘ಎಸ್’ ಈ ಊರಿನದೇ. ಆದರೆ ನಾವು ಆರು ಜನ ಸೇರಿದಾಗ ಯಾರಾದರೂ ಸೋಮನಹಳ್ಳಿ ಅಂದರೆ ನಮ್ಮ ಕಣ್ಣಿಗೆ ಮುಖ್ಯಮಂತ್ರಿಯೂ ಬರುವುದಿಲ್ಲ, ಹೆದ್ದಾರಿಯೂ ಬರುವುದಿಲ್ಲ. ಒಂಬತ್ತನೇ ತರಗತಿಯ ಕೋಣೆ ಬರುತ್ತದೆ, ಅದರಲ್ಲೂ ಕಟ್ಟಕಡೆಯ ಬೆಂಚು.

2002-03ರಲ್ಲಿ ನಾವು ಮಂಡ್ಯದಲ್ಲಿ ಬಿ.ಎಡ್. ಓದುತ್ತಿದ್ದೆವು. ಆಗ ಬಿ.ಎಡ್. ಒಂದೇ ವರ್ಷದ್ದು. ಮನಃಶಾಸ್ತ್ರ ಅರ್ಧಕ್ಕೆ ಬರುವ ಹೊತ್ತಿಗೆ ಅಭ್ಯಾಸ ಪಾಠ ಶುರು, ಅಭ್ಯಾಸ ಪಾಠ ಮುಗಿಯಿತು ಅನ್ನುವಾಗ ಪರೀಕ್ಷೆ. ಶಾಲೆ ಹಂಚುವಾಗ ನಮ್ಮ ಗುಂಪಿಗೆ ಬಂದದ್ದು ಸೋಮನಹಳ್ಳಿ. ಮಂಡ್ಯ ಪಟ್ಟಣದೊಳಗಿನ ಶಾಲೆಗಳು ಸಿಕ್ಕವರು ಸೈಕಲ್ ತುಳಿದುಕೊಂಡು ಹೋಗಿ ಬರುತ್ತಿದ್ದರು. ನಾವು ಬೆಳಗ್ಗೆಯೇ ಎದ್ದು ಮದ್ದೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು. ಮೊದಲ ವಾರ ಎಲ್ಲರೂ ಗೊಣಗಿದೆವು. ಎರಡನೇ ವಾರಕ್ಕೆ ಮದ್ದೂರಿನಲ್ಲಿ ಬಸ್ಸು ಬದಲಿಸುವುದೇ ದಿನದ ಮುಖ್ಯ ಕಾರ್ಯಕ್ರಮವಾಯಿತು. ಯಾಕೆಂದು ಮಂಡ್ಯ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. 1917ರಿಂದ ರೈಲಿನವರಿಗೆ ವಡೆಯ ರುಚಿ ಹತ್ತಿಸಿರುವ ಊರು ಅದು. ಆರು ಜನಕ್ಕೆ ನಾಲ್ಕು ವಡೆ ಕೊಂಡು ಮುರಿದು ಹಂಚಿಕೊಳ್ಳುತ್ತಿದ್ದೆವು. ಅಂಚಿನ ಗರಿಗರಿ ಯಾರಿಗೆ, ನಡುವಿನ ಈರುಳ್ಳಿ ಯಾರಿಗೆ ಎಂಬ ಜಗಳ ಇತ್ಯರ್ಥವಾಗುವಷ್ಟರಲ್ಲಿ ಶಟಲ್ ಬಸ್ಸು ಬರುತ್ತಿತ್ತು.

ಈ ಆರು ಜನರ ಬಗ್ಗೆ ಒಂದಿಷ್ಟು ಹೇಳಬೇಕು. ಹೆಸರು ಬೇಡ, ಈಗ ಎಲ್ಲರೂ ಮರ್ಯಾದಸ್ಥ ಮೇಷ್ಟ್ರುಗಳು. ಮಳವಳ್ಳಿ ಕಡೆಯವನೊಬ್ಬ, ಸಮಾಜ ವಿಜ್ಞಾನ. ನಾಗಮಂಗಲದವಳು ನನ್ನ ಹಾಗೆ ಕನ್ನಡ. ಕೆ.ಆರ್. ಪೇಟೆಯವನು ವಿಜ್ಞಾನ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದು ಅತ್ತೆ ಮನೆಯಲ್ಲಿದ್ದುಕೊಂಡು ಓದಲು ಬಂದಿದ್ದ ಇಂಗ್ಲಿಷಿನ ಹುಡುಗಿ. ಕೊನೆಗೆ ಅಣ್ಣ. ಅಣ್ಣ ಆಗಲೇ ಪ್ರಾಥಮಿಕ ಶಾಲೆಯ ಮೇಷ್ಟ್ರು. ಹಲವು ವರ್ಷ ಕೆಲಸ ಮಾಡಿ, ಇಲಾಖೆಯಿಂದ ಡೆಪ್ಯುಟೇಶನ್ ಮೇಲೆ ಬಿ.ಎಡ್.ಗೆ ಬಂದಿದ್ದರು. ಮದುವೆಯಾಗಿ ಎರಡು ಮಕ್ಕಳ ತಂದೆ. ನಾವು ಚಾರ್ಟಿಗೆ ಸ್ಕೆಚ್ ಪೆನ್ನಿನ ಯಾವ ಬಣ್ಣ ಎಂದು ತಲೆ ಕೆಡಿಸಿಕೊಂಡಿದ್ದರೆ ಅವರು ಸಂಬಳ ಆಯಿತೋ ಇಲ್ಲವೋ ಎಂದು ಎಸ್‌ಟಿಡಿ ಬೂತಿನಿಂದ ಮನೆಗೆ ಫೋನು ಮಾಡುತ್ತಿದ್ದರು. ಶಾಲೆಯ ಮಕ್ಕಳು ನಮ್ಮನ್ನೆಲ್ಲ ‘ಬಿಎಡ್ ಸಾ’, ‘ಬಿಎಡ್ ಮಿಸ್’ ಅಂದರೆ ಅವರನ್ನು ಮಾತ್ರ ‘ದೊಡ್ ಬಿಎಡ್ ಸಾ’ ಎನ್ನುತ್ತಿದ್ದವು.

ಬಸ್ಸಿನಲ್ಲಿ ನಮ್ಮ ಮೆರವಣಿಗೆ ನೋಡಬೇಕಿತ್ತು. ಹುಡುಗಿಯರಿಗೆ ಒಂದೇ ಬಣ್ಣದ ಯೂನಿಫಾರಂ ಸೀರೆ, ಕಂಕುಳಲ್ಲಿ ಚಾರ್ಟಿನ ಸುರುಳಿ. ವಿಜ್ಞಾನದವನ ಕೈಯಲ್ಲಿ ಥರ್ಮೋಕೋಲಿನ ಹೃದಯ, ನಾಲ್ಕೂ ಕೋಣೆ ಬಿಚ್ಚಿ ತೋರಿಸುವಂಥದ್ದು. ನನ್ನ ಪಾಲಿಗೆ ಸುರುಳಿ ಹಲಗೆ. ಕಂಡಕ್ಟರು ಒಮ್ಮೆ ಅದನ್ನು ನೋಡಿ, “ಇದಕ್ಕೆ ಲಗೇಜು ಹಾಕ್ಬೇಕಾಯ್ತದೆ ಮೇಷ್ಟ್ರೆ” ಅಂದರು. ನನ್ನನ್ನು ಮೊಟ್ಟಮೊದಲು ‘ಮೇಷ್ಟ್ರೆ’ ಅಂದ ದೊಡ್ಡ ಮನುಷ್ಯ ಆತನೇ. ಲಗೇಜಿನ ದುಡ್ಡನ್ನು ಖುಷಿಯಿಂದಲೇ ಕೊಡುತ್ತಿದ್ದೆ, ಕೇಳಲಿಲ್ಲ.

ಪಾಠ ಮಾಡುವುದಕ್ಕೆ ಮುಂಚೆ ಪಾಠ ನೋಡಬೇಕೆಂಬುದು ನಿಯಮ. ವೀಕ್ಷಣೆ. ಅದಕ್ಕೊಂದು ಪುಸ್ತಕ. ಪೀಠಿಕೆ ಹೇಗಿತ್ತು, ಉದ್ದೇಶ ಕಥನ ಸ್ಪಷ್ಟವಿತ್ತೇ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ, ಬೋಧನೋಪಕರಣ, ತರಗತಿಯ ಶಿಸ್ತು, ಹೀಗೆ ಸಾಲು ಸಾಲು ಕಾಲಂ. ಪ್ರತಿಯೊಂದರ ಮುಂದೆ ಅತ್ಯುತ್ತಮ, ಉತ್ತಮ, ಸಾಧಾರಣ. ಕಾಲೇಜಿನಲ್ಲಿ ನಮಗೆ ಜರ್ಮನಿಯ ಹರ್ಬಾರ್ಟನ ಹೆಸರಿನ ಐದು ಸೋಪಾನಗಳನ್ನು ಬಾಯಿಪಾಠ ಮಾಡಿಸಿದ್ದರು, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ 1963ರ ಹೊತ್ತಿಗೆ ಹುಟ್ಟಿದ ಅಣುಬೋಧನೆಯನ್ನು ಮಾಡಿಸಿದ್ದರು. ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಮತ್ತೆ ತಯಾರಿ, ಮತ್ತೆ ಪಾಠ. ಅಲ್ಲಿ ವಿದ್ಯಾರ್ಥಿಗಳಾಗಿ ಕೂರುತ್ತಿದ್ದವರೂ ನಾವೇ. ಇಪ್ಪತ್ತೆರಡು ವರ್ಷದ ಗಡ್ಡದ ಹುಡುಗ ಎದ್ದು ನಿಂತು, “ಟೀಚರ್, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ” ಎಂದು ಉತ್ತರ ಹೇಳಿದರೆ “ಗುಡ್, ಕುಳಿತುಕೋ ಮಗು” ಎನ್ನಬೇಕಿತ್ತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಈ ಎಲ್ಲ ವಿದ್ಯೆಯನ್ನು ತುಂಬಿಕೊಂಡು, 2002ರ ಸೆಪ್ಟೆಂಬರಿನಲ್ಲಿ, ಸೋಮನಹಳ್ಳಿಯ ಕೊನೇ ಬೆಂಚಿನ ಮೇಲೆ ಹೋಗಿ ಕೂತೆವು.

ಮುಂದೆ ನಿಂತು ಪಾಠ ಮಾಡಿದ್ದು ಮಸುಕಾಗಿದೆ, ಹಿಂದೆ ಕೂತು ಕಂಡದ್ದು ಒಂದೂ ಮರೆತಿಲ್ಲ. ಇದು ವಿಚಿತ್ರ. ಪದವಿ ಕೊಟ್ಟದ್ದು ಪಾಠ ಮಾಡಿದ್ದಕ್ಕೆ.

ಹಿಂದಿನ ಬೆಂಚಿನಿಂದ ತರಗತಿ ಬೇರೆಯೇ ಊರು. ಮುಂದೆ ನಿಂತ ಮೇಷ್ಟ್ರಿಗೆ ಕಾಣುವುದು ಮುಖಗಳು. ಹಿಂದೆ ಕೂತವನಿಗೆ ಕಾಣುವುದು ಬೆನ್ನು, ಬೆರಳು, ಬೆಂಚಿನ ಕೆಳಗಿನ ಕಾಲು. ಪ್ರಶ್ನೆ ಬಂದ ತಕ್ಷಣ ಯಾರ ಬೆನ್ನು ನೆಟ್ಟಗಾಗುತ್ತದೆ, ಯಾರದು ಮುಂದಿನವನ ಮರೆಗೆ ಜಾರುತ್ತದೆ, ಎಲ್ಲವೂ ತಿಳಿಯುತ್ತದೆ. ಮುಂದಿನಿಂದ ತುಂಬಾ ಗಮನವಿಟ್ಟು ಕೇಳುವಂತೆ ಕಾಣುವ ಹುಡುಗಿ ಕೆಳಗೆ ಮಡಿಲಲ್ಲಿ ತಂಗಿಯ ಲಂಗಕ್ಕೆ ಗುಂಡಿ ಹೊಲಿಯುತ್ತಿರುತ್ತಾಳೆ. ಗಮನವೇ ಕೊಡದೆ ಕಿಟಕಿ ಕಡೆ ತಿರುಗಿ ಕೂತವನು ಮೇಷ್ಟ್ರು ಹೇಳಿದ ಲೆಕ್ಕವನ್ನು ಬೆರಳಿನಿಂದ ತೊಡೆಯ ಮೇಲೆ ಬರೆದು ಮುಗಿಸಿರುತ್ತಾನೆ. ವೀಕ್ಷಣಾ ಪುಸ್ತಕದಲ್ಲಿ ಇದಕ್ಕೆಲ್ಲ ಕಾಲಂ ಇರಲಿಲ್ಲ. ಅಣ್ಣ ಮಾತ್ರ ಪುಸ್ತಕದ ಹಿಂದಿನ ಖಾಲಿ ಪುಟಗಳಲ್ಲಿ ಬರೆದುಕೊಳ್ಳುತ್ತಿದ್ದರು. ನಾಗಮಂಗಲದವಳು ಒಂದು ದಿನ, “ಅಣ್ಣ, ಇಷ್ಟು ವರ್ಷ ಪಾಠ ಮಾಡಿದೋರು ನೀವು, ಇದನ್ನೆಲ್ಲ ಹೊಸದಾಗಿ ನೋಡೋರ ಥರ ಬರ್ಕೋತೀರಲ್ಲ?” ಅಂದಳು.

“ಇಷ್ಟು ವರ್ಷ ನಿಂತೇ ಇದ್ದೆ ಕಣಮ್ಮ. ಕೂತ್ಕೊಂಡು ನೋಡ್ತಿರೋದು ಈಗ್ಲೇ,” ಅಂದರು. “ನೀವೂ ಈಗ್ಲೇ ನೋಡ್ಕೊಂಡ್ಬಿಡಿ. ಕೆಲ್ಸ ಸಿಕ್ಕಿದ್ ಮೇಲೆ ಯಾರೂ ನಿಮ್ಮನ್ನ ಹಿಂದೆ ಕೂರಿಸಲ್ಲ.”

ನಾವು ನಕ್ಕೆವು. ಕೆಲಸ ಸಿಕ್ಕರೆ ಸಾಕಾಗಿತ್ತು, ಎಲ್ಲಿ ಕೂರಿಸಿದರೇನು.

ಆ ಶಾಲೆಯ ಗಣಿತದ ಮೇಷ್ಟ್ರ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ನಿವೃತ್ತಿಗೆ ಹತ್ತಿರವಿದ್ದವರು. ಚಾರ್ಟು, ಮಾದರಿ ಯಾವುದೂ ಇಲ್ಲ. ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಒಂದೇ ಬೀಸಿಗೆ ವೃತ್ತ ಬರೆಯುತ್ತಿದ್ದರು. ಕೆ.ಆರ್. ಪೇಟೆಯವನು ಬಿಡುವಿನಲ್ಲಿ ಕೈವಾರ ಇಟ್ಟು ಪರೀಕ್ಷಿಸಿ ಬಂದು, “ಒಂದು ದಾರದಷ್ಟೂ ಆಚೀಚೆ ಇಲ್ಲ ಕಣ್ರೋ” ಅಂದ. ಆದರೆ ನನಗೆ ಬೆರಗಾದದ್ದು ವೃತ್ತವಲ್ಲ. ಅವರು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು. ನಿಜವಾಗಿಯೂ ಸುಮ್ಮನೆ. ಎತ್ತಿದ ಕೈಗಳ ಕಡೆ ನೋಡುತ್ತಲೇ ಇರಲಿಲ್ಲ. ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತಾ ನಿಲ್ಲುತ್ತಿದ್ದರು. ಮೊದಲು ಎತ್ತಿದ ಕೈಗಳು ನೋಯಲು ಶುರುವಾಗುತ್ತಿದ್ದವು. ಆಮೇಲೆ ಒಂದೊಂದಾಗಿ ಇನ್ನಷ್ಟು ಕೈ. ಎಲ್ಲ ಮುಗಿಯಿತು ಅನ್ನುವಾಗ ಮೂರನೇ ಸಾಲಿನಿಂದ ಒಂದು ಕೈ ಅರ್ಧ ಏಳುತ್ತಿತ್ತು, ಕಿವಿ ತುರಿಸಿಕೊಳ್ಳುತ್ತಿದ್ದೇನೆ ಎಂದು ತಪ್ಪಿಸಿಕೊಳ್ಳಲು ಅನುಕೂಲವಾಗುವಷ್ಟು ಎತ್ತರಕ್ಕೆ. ಆಗ ಅವರು ತಿರುಗಿ ಆ ಅರ್ಧ ಕೈಯವನಿಗೇ, “ಹೇಳಪ್ಪ” ಎನ್ನುತ್ತಿದ್ದರು.

ಬೆನ್ನು ತಿರುಗಿಸಿ ನಿಂತವರಿಗೆ ಆ ಕೈ ಹೇಗೆ ಕಂಡಿತು ಎಂಬುದು ನಮ್ಮಲ್ಲಿ ದೊಡ್ಡ ಚರ್ಚೆ. ಕಿಟಕಿಯ ಬಾಗಿಲಿನ ಗಾಜಿನಲ್ಲಿ ತರಗತಿ ಕಾಣುತ್ತದೆ ಎಂದು ಮಳವಳ್ಳಿಯವನ ವಾದ. ಅವನು ಹೋಗಿ ನಿಂತು ನೋಡಿಯೂ ಬಂದ. “ಕಾಣ್ತದೆ, ಆದ್ರೆ ಯಾರ ಕೈ ಅಂತ ಗೊತ್ತಾಗಲ್ಲ” ಅಂದ. ನಮ್ಮ ವೀಕ್ಷಣಾ ಪುಸ್ತಕದ ಲೆಕ್ಕದಲ್ಲಿ ಆ ಪಾಠ ‘ಸಾಧಾರಣ’. ಬೋಧನೋಪಕರಣ ಇಲ್ಲ, ತರಗತಿಯಲ್ಲಿ ಮೌನ ಜಾಸ್ತಿ. ಎಷ್ಟೋ ವರ್ಷಗಳ ಮೇಲೆ, ಒಂದು ತರಬೇತಿಯಲ್ಲಿ ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿಯ ವಿಷಯ ಕೇಳಿದೆ. 1970ರ ದಶಕದಲ್ಲಿ ಆಕೆ ತರಗತಿಗಳ ಧ್ವನಿಮುದ್ರಣ ಮಾಡಿ ಅಳೆದು ನೋಡಿದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದೇ ಸೆಕೆಂಡು ಎಂದು ತಿಳಿಯಿತಂತೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ತೆರೆಯುತ್ತವೆ. ತರಬೇತಿಯಲ್ಲಿ ಪಕ್ಕದವರೆಲ್ಲ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ನಾನು ಬಿಡುವಿನಲ್ಲಿ ಹೊರಗೆ ಬಂದು ಅಣ್ಣನಿಗೆ ಫೋನು ಮಾಡಿ, “ನಮ್ಮ ಸೋಮನಹಳ್ಳಿ ಮೇಷ್ಟ್ರು ಮೂರಲ್ಲ, ಮೂವತ್ತು ಸೆಕೆಂಡು ಕಾಯ್ತಿದ್ರು ಅಲ್ವಾ ಅಣ್ಣ?” ಎಂದು ಕೇಳಿದೆ.

ನಾವು ಹೋದ ಕಾಲವೂ ಅಂಥಿಂಥದಲ್ಲ. ಆ ವರ್ಷ ಮಳೆ ಕೈಕೊಟ್ಟು ಕಾವೇರಿ ಗಲಾಟೆ ಹೊತ್ತಿಕೊಂಡಿತ್ತು. ಮುಖ್ಯಮಂತ್ರಿ ಇದೇ ಊರಿನವರು, ತಮಿಳುನಾಡಿಗೆ ನೀರು ಬಿಡಬೇಕೆಂದು ಆದೇಶ ಬಂದದ್ದೂ ಅವರಿಗೇ, ಬಿಡಬೇಡಿ ಎಂದು ರಸ್ತೆಯಲ್ಲಿ ಕೂತವರೂ ಅವರ ಜಿಲ್ಲೆಯವರೇ. ಹೆದ್ದಾರಿ ಆಗಾಗ ಬಂದ್. ಬಸ್ಸಿಲ್ಲದ ದಿನ ಮದ್ದೂರಿನಿಂದ ನಡೆದೇ ಹೋಗುತ್ತಿದ್ದೆವು. ರಸ್ತೆಯ ಮೇಲೆ ಸುಟ್ಟ ಟೈರಿನ ಕರಿ ಕಲೆ, ಒಂದೂ ವಾಹನವಿಲ್ಲ, ಹೆದ್ದಾರಿಯ ನಡುಮಧ್ಯೆ ಯೂನಿಫಾರಂ ಸೀರೆಯ ಇಬ್ಬರು ಮತ್ತು ಥರ್ಮೋಕೋಲಿನ ಹೃದಯ ಹಿಡಿದ ಒಬ್ಬ. ಅಕ್ಟೋಬರಿನಲ್ಲಿ ಕೃಷ್ಣ ಅವರು ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟಾಗ ಬೆಂಗಳೂರಿನ ಹುಡುಗಿ, “ನಾವು ಅವರಿಗಿಂತ ಮೊದಲೇ ಶುರು ಮಾಡಿದ್ವಿ” ಅಂದಳು.

ಆ ದಿನಗಳಲ್ಲೇ ಮಳವಳ್ಳಿಯವನ ಪಾಠ ಬಂತು, ‘ದಕ್ಷಿಣ ಭಾರತದ ನದಿಗಳು’. ಭೂಪಟ, ನದಿ ಹುಟ್ಟುವ ಜಾಗ, ಉಪನದಿಗಳು, ಸೇರುವ ಸಮುದ್ರ, ಎಲ್ಲ ಪಾಠ ಯೋಜನೆಯಲ್ಲಿ ಕಾಲಂ ಕಾಲಂ ತುಂಬಿತ್ತು. ಪೀಠಿಕೆಗೆಂದು, “ಮಕ್ಕಳೇ, ನಮ್ಮ ಜಿಲ್ಲೆಗೆ ನೀರು ಕೊಡುವ ನದಿ ಯಾವುದು?” ಎಂದು ಕೇಳಿದ. ‘ಕಾವೇರಿ’ ಎಂದು ಇಡೀ ತರಗತಿ ಕೂಗಿತು. ಇಲ್ಲಿಗೆ ಉದ್ದೇಶ ಕಥನ ಬರಬೇಕಿತ್ತು. ಅಷ್ಟರಲ್ಲಿ ಒಬ್ಬ ಎದ್ದು, “ಸಾ, ಕಟ್ಟೆ ಇವತ್ತು ಎಷ್ಟಡಿ ಅದೆ?” ಅಂದ.

ಮಂಡ್ಯದ ಮಕ್ಕಳಿಗೆ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಕ್ರಿಕೆಟ್ಟಿನ ಸ್ಕೋರು ಇದ್ದ ಹಾಗೆ. 124.80 ಅಡಿ ತುಂಬಿದ ಮಟ್ಟ ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡಬೇಕಿಲ್ಲ. ಬೆಳಗ್ಗೆ ಪೇಪರಿನ ಮೂಲೆಯಲ್ಲಿ ಎಷ್ಟಿದೆಯೆಂದು ನೋಡಿ, ಅಪ್ಪಂದಿರು ಟೀ ಅಂಗಡಿಯಲ್ಲಿ ಅದನ್ನೇ ಮಾತಾಡಿ, ಅದು ಮನೆಗೂ ಬಂದು, ಶಾಲೆಗೂ ಬಂದಿರುತ್ತದೆ. ಮದ್ದೂರು ಮಳವಳ್ಳಿ ಸೀಮೆಯೆಂದರೆ ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗ. ಕಟ್ಟೆಯಲ್ಲಿ ಎರಡಡಿ ಇಳಿದರೆ ಇಲ್ಲಿ ಗದ್ದೆಗೆ ನೀರು ಹತ್ತುವುದೇ ಅನುಮಾನ. ಮಳವಳ್ಳಿಯವನೂ ನಾಲೆ ಬಯಲಿನ ರೈತನ ಮಗನೇ. ಒಂದು ಗಳಿಗೆ ತಡೆದ. ಆಮೇಲೆ ಭೂಪಟವನ್ನು ಸುತ್ತಿ ಪಕ್ಕಕ್ಕಿಟ್ಟು, ಹಲಗೆಯ ಮೇಲೆ ಕಟ್ಟೆ ಬರೆದ, ನಾಲೆ ಬರೆದ, ನಾಲೆಗೆ ತೂಬುಗಳನ್ನು ಬರೆದ. ಯಾರ ಊರು ಯಾವ ತೂಬಿಗೆ, ನೆಂಟರ ಗದ್ದೆ ಎಲ್ಲಿ, ಮೇಲಿನವರು ಜಾಸ್ತಿ ತಿರುಗಿಸಿಕೊಂಡರೆ ಕೆಳಗಿನವರಿಗೆ ಏನಾಗುತ್ತದೆ ಎಂದು ಮಕ್ಕಳೇ ಹೇಳುತ್ತಾ ಹೋದವು. ಹಿಂದಿನ ಬೆಂಚಿನಲ್ಲಿ ನಮ್ಮ ಪಕ್ಕ ಕೂತಿದ್ದ ಹುಡುಗಿ ಮೆಲ್ಲಗೆ, “ಹಂಗಾದ್ರೆ ತಮಿಳುನಾಡಿನೋರು ನಮಗಿಂತ ಕೊನೇ ತೂಬು” ಅಂದಳು. ಹೊರಗೆ ಆ ವಾರ ಗಟ್ಟಿಯಾಗಿ ಹೇಳುವಂಥ ಮಾತಾಗಿರಲಿಲ್ಲ ಅದು. ತರಗತಿಯ ಒಳಗೆ ಯಾರೂ ಅವಳ ಮೇಲೆ ಬೀಳಲಿಲ್ಲ. ಒಂದಿಬ್ಬರು ತಿರುಗಿ ನೋಡಿ ಯೋಚನೆಗೆ ಬಿದ್ದರು. ಪಾಠ ನೋಡಲು ಬಂದಿದ್ದ ನಮ್ಮ ಕಾಲೇಜಿನ ಮೇಲ್ವಿಚಾರಕರು ‘ಪಾಠ ಯೋಜನೆಯಂತೆ ನಡೆಯಲಿಲ್ಲ’ ಎಂದು ಬರೆದರು. ಕೆಳಗೆ, ಬೇರೆ ಶಾಯಿಯಲ್ಲಿ, ‘ಚೆನ್ನಾಗಿತ್ತು’ ಎಂದೂ ಬರೆದರು.

ಗೆಳೆಯರ ಪಾಠವನ್ನು ಗೆಳೆಯರೇ ವೀಕ್ಷಿಸಿ ಬರೆಯುವ ಪದ್ಧತಿಯೂ ಇತ್ತು. ಅದರಲ್ಲಿ ನಡೆದ ಹೊಂದಾಣಿಕೆಗಳನ್ನು ಇಲ್ಲಿ ವಿವರಿಸುವುದಿಲ್ಲ. ಆರು ಪುಸ್ತಕಗಳಲ್ಲೂ ‘ಅತ್ಯುತ್ತಮ’ದ ಸುಗ್ಗಿ ಎಂದಷ್ಟೇ ಹೇಳಿದರೆ ಅನುಭವಸ್ಥರಿಗೆ ಅರ್ಥವಾದೀತು.

ಓದುವುದರಲ್ಲಿ ಹಿಂದುಳಿದ ನಾಲ್ಕೈದು ಮಕ್ಕಳನ್ನು ನಮ್ಮಲ್ಲಿ ಒಬ್ಬೊಬ್ಬರಿಗೆ ವಹಿಸಿದ್ದರು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅವರ ಜೊತೆ ಕೂರಬೇಕು. ನನ್ನ ಪಾಲಿಗೆ ಬಂದವರಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗನಿದ್ದ. ಕಾಗುಣಿತದವರೆಗೆ ಸರಾಗ. ಒತ್ತಕ್ಷರ ಬಂತೋ, ಅಲ್ಲಿಗೆ ಬಂಡಿ ನಿಂತಿತು. ಪುಸ್ತಕ ತೆಗೆದರೆ ಸಾಕು, ಭುಜ ಕಿವಿಯವರೆಗೆ ಏರುತ್ತಿತ್ತು. ವಾರದಲ್ಲಿ ಎರಡು ದಿನ ನಾಪತ್ತೆ ಬೇರೆ. ಯಾಕೋ ಎಂದರೆ, “ಹುಳ ಹಣ್ಣಾಗವೆ ಸಾ.”

ರೇಷ್ಮೆ. ಈ ಭಾಗದ ಮನೆಗಳಲ್ಲಿ ಅದು ಬೆಳೆಯಲ್ಲ, ಸಂಸಾರ. ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತಿನಲ್ಲಿ ಮನೆಯಲ್ಲಿ ಎಷ್ಟು ಕೈ ಇದ್ದರೂ ಕಡಿಮೆ. ಎಂಟನೇ ತರಗತಿಯವನ ಕೈಯೂ ಬೇಕು, ಅವನ ಅಜ್ಜಿಯ ಕೈಯೂ ಬೇಕು. ಹುಡುಗ ಹುಳದ ವಿಷಯ ಮಾತಾಡಲು ಶುರು ಮಾಡಿದರೆ ಭುಜ ತಾನಾಗಿಯೇ ಇಳಿಯುತ್ತಿತ್ತು. ಮೊಟ್ಟೆ ಒಡೆದು ಚಾಕಿ ಹುಳ, ಆಮೇಲೆ ಪೊರೆ ಬಿಡುವ ಒಂದೊಂದೇ ಜ್ವರ, ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಬರುವ ಹಸಿವು, ಹಗಲೂ ರಾತ್ರಿ ಸೊಪ್ಪು ಹಾಕಿದಷ್ಟೂ ಸಾಲದು, ರಾತ್ರಿ ಎದ್ದರೆ ಮನೆಯೊಳಗೆ ಮಳೆ ಬಂದ ಹಾಗೆ ಸೊಪ್ಪು ಕಡಿಯುವ ಸದ್ದು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನಿನ್ನೆ ಕೆ.ಜಿ.ಗೆ ಎಷ್ಟು ಕೂಗಿದರು, ನೂರು ಮೊಟ್ಟೆಗೆ ಎಷ್ಟು ಕೆ.ಜಿ. ಗೂಡು ಬಂದರೆ ಅಪ್ಪ ನಗುತ್ತಾನೆ, ಎಷ್ಟು ಬಂದರೆ ಮಾತಾಡುವುದಿಲ್ಲ, ಎಲ್ಲ ಲೆಕ್ಕ ಬಾಯಲ್ಲೇ. ಇವನು ಗಣಿತದಲ್ಲೂ ಫೇಲು ಎಂದು ಹಾಜರಿ ಪುಸ್ತಕದ ಪಕ್ಕದ ಅಂಕಪಟ್ಟಿ ಹೇಳುತ್ತಿತ್ತು.

ಒತ್ತಕ್ಷರಕ್ಕೆ ದಾರಿ ಸಿಕ್ಕಿದ್ದು ಬಸ್‌ಸ್ಟಾಪಿನಲ್ಲಿ. ಸಂಜೆ ನಮ್ಮನ್ನು ಬಸ್ಸು ಹತ್ತಿಸಲು ಮಕ್ಕಳ ದಂಡೇ ಬರುತ್ತಿತ್ತು. ದೂರದಲ್ಲಿ ಬಸ್ಸು ಕಂಡ ಕೂಡಲೇ ಈ ಹುಡುಗ, “ಮಳವಳ್ಳಿ ಗಾಡಿ ಸಾ, ನಿಮ್ದಲ್ಲ” ಎನ್ನುತ್ತಿದ್ದ. ಇನ್ನೊಂದು ಬಂದರೆ, “ಮಂಡ್ಯ, ಹತ್ಕಳಿ.” ಬೋರ್ಡು ಓದಿಯೇ ಹೇಳುತ್ತಿದ್ದಾನೆ ಎಂಬುದನ್ನು ಮೊದಲು ಗಮನಿಸಿದವಳು ನಾಗಮಂಗಲದವಳು. “ನೋಡೋ, ಇವನ್ಗೆ ಳ್ಳ ಬರುತ್ತೆ, ಡ್ಯ ಬರುತ್ತೆ. ನಿನ್ನ ಪುಸ್ತಕದಲ್ಲಿ ಮಾತ್ರ ಬರಲ್ಲ” ಅಂದಳು ನನಗೆ.

ನಮ್ಮ ಸೀಮೆಯ ಊರುಗಳು ಒತ್ತಕ್ಷರದ ಖಜಾನೆ. ಮದ್ದೂರು, ಮಳವಳ್ಳಿ, ಮಂಡ್ಯ, ಕೊಪ್ಪ, ದೊಡ್ಡಿ, ನಿಡಘಟ್ಟ, ಚನ್ನಪಟ್ಟಣ, ಕೆಸ್ತೂರು, ಗೆಜ್ಜಲಗೆರೆ, ಬೆಸಗರಹಳ್ಳಿ, ವೈದ್ಯನಾಥಪುರ, ಶ್ರೀರಂಗಪಟ್ಟಣ. ಮಾರನೇ ದಿನದಿಂದ ಪುಸ್ತಕ ಮುಚ್ಚಿಟ್ಟು ಊರುಗಳ ಬೋರ್ಡು ಬರೆಯುವ ಕೆಲಸ. ಹಳೆಯ ರಟ್ಟು, ಸೀಮೆಸುಣ್ಣ. ಒಬ್ಬ ಡ್ರೈವರು, ಒಬ್ಬ ಕಂಡಕ್ಟರು, ಉಳಿದವರು ಪ್ರಯಾಣಿಕರು. ಬೋರ್ಡು ಓದದೆ ಹತ್ತಿದವರನ್ನು ಬೇರೆ ಊರಿಗೆ ಕರೆದೊಯ್ದು ಇಳಿಸುವುದು ಆಟದ ನಿಯಮ. ಆಮೇಲೆ ಯೂರಿಯಾ ಚೀಲ, ಸೊಸೈಟಿಯ ನೋಟೀಸು, ಮದುವೆ ಕಾಗದ. ಮದುವೆ ಕಾಗದದ ‘ಚಿರಂಜೀವಿ ಸೌಭಾಗ್ಯವತಿ’ಯನ್ನು ಆ ಹುಡುಗ ತಡವರಿಸದೆ ಓದಿದ ದಿನ ಬೆಂಗಳೂರಿನ ಹುಡುಗಿ ತನ್ನ ಡಬ್ಬಿಯ ಕೊಬ್ಬರಿ ಮಿಠಾಯಿಯನ್ನು ಇಡಿಯಾಗಿ ಅವನಿಗೆ ಕೊಟ್ಟಳು. ನಮಗೆ ಒಂದು ಚೂರೂ ಉಳಿಸಲಿಲ್ಲ ಎಂಬುದು ಇಂದಿಗೂ ಕೆ.ಆರ್. ಪೇಟೆಯವನ ದೂರು.

ಬೆಸಗರಹಳ್ಳಿಯ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಆ ಊರಿನ ಕತೆಗಾರ, ವೃತ್ತಿಯಿಂದ ವೈದ್ಯರಾಗಿದ್ದ ಬೆಸಗರಹಳ್ಳಿ ರಾಮಣ್ಣ 1998ರಲ್ಲಿ ತೀರಿಕೊಂಡಿದ್ದರು. ಅವರ ಕತೆಯೊಂದನ್ನು ನಾಗಮಂಗಲದವಳು ಬಿಡುವಿನ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಓದಿದಳು. ನಾನು ಹಿಂದೆ ಕೂತಿದ್ದೆ. ಮೊದಲ ನಾಲ್ಕು ಸಾಲಿಗೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಮನೆಯ ಜಗಲಿಯ ಮಾತು, ಅಪ್ಪ ಬಯ್ಯುವ ಮಾತು ಅಚ್ಚಾಗಿದೆ! ಅಲ್ಲಿಯವರೆಗೆ ಅವರಿಗೆ ಪುಸ್ತಕವೆಂದರೆ ಬೇರೆ ಊರಿನ ನೆಂಟರ ಹಾಗೆ ಬಿಗಿದುಕೊಂಡು ಮಾತಾಡುವಂಥದ್ದು. ‘ಇನ್ನೊಂದು ಓದಿ ಮಿಸ್’ ಎಂದು ಗಂಟೆ ಹೊಡೆದರೂ ಎದ್ದೇಳಲಿಲ್ಲ. ಪಠ್ಯಕ್ರಮದಲ್ಲಿ ಇಲ್ಲದ್ದರಿಂದ ಅದು ಅವಳ ಲೆಕ್ಕಕ್ಕೆ ಸೇರಲಿಲ್ಲ. ನನ್ನ ಪ್ರಕಾರ ಅವಳು ಆ ವರ್ಷ ಮಾಡಿದ ಪಾಠಗಳಲ್ಲೆಲ್ಲ ಅದೇ ಮೇಲು.

ಆಗ ನಮ್ಮ ಕಡೆಗೆ ಅಕ್ಷರ ದಾಸೋಹದ ಬಿಸಿಯೂಟ ಇನ್ನೂ ಬಂದಿರಲಿಲ್ಲ. ಅದೇ 2002ರಲ್ಲಿ ಮೊದಲು ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿತ್ತಷ್ಟೆ. ಮಧ್ಯಾಹ್ನ ಊರಿನ ಮಕ್ಕಳು ಮನೆಗೆ ಓಡುತ್ತಿದ್ದರು, ದೂರದವರು ಡಬ್ಬಿ ಬಿಚ್ಚುತ್ತಿದ್ದರು. ನಮ್ಮ ರೂಮಿನ ಅಡುಗೆಯ ಮಟ್ಟ ಬೇಗನೆ ಊರಿಗೆಲ್ಲ ಗೊತ್ತಾಯಿತು. ಬಹುಶಃ ನಮ್ಮ ಚಿತ್ರಾನ್ನದ ಬಣ್ಣ ನೋಡಿ ಯಾರಿಗೋ ಕನಿಕರ ಹುಟ್ಟಿರಬೇಕು. ದಿನವೂ ಒಂದಲ್ಲ ಒಂದು ಮನೆಯಿಂದ ಉಪ್ಸಾರು, ಖಾರ, ಬಿಸಿ ಮುದ್ದೆ ಬರತೊಡಗಿತು. ಬೆಂಗಳೂರಿನ ಹುಡುಗಿ ಮುದ್ದೆಯನ್ನು ಅಗಿಯುತ್ತಿದ್ದಳು. ಮುದ್ದೆ ನುಂಗುವುದು ಹೇಗೆಂದು ಏಳನೇ ತರಗತಿಯ ಹುಡುಗಿಯೊಬ್ಬಳು ಅವ್ವನ ಗತ್ತಿನಲ್ಲಿ, “ಹಲ್ಲಿಗೆ ತಾಗುಸ್ಬೇಡಿ ಮಿಸ್, ಸಾರಲ್ಲಿ ಅದ್ದಿ ಗುಳುಂ ಅನ್ಸಿ” ಎಂದು ಹೇಳಿಕೊಟ್ಟಳು. ಪ್ರಾತ್ಯಕ್ಷಿಕೆ, ಅನುಕರಣೆ, ತಿದ್ದುವಿಕೆ, ಪುನರ್ಬಲನ, ನಾವು ಓದಿದ್ದೆಲ್ಲ ಆ ಐದು ನಿಮಿಷದಲ್ಲಿತ್ತು. ಅಣ್ಣ ಅದನ್ನೂ ಹಿಂದಿನ ಪುಟದಲ್ಲಿ ಬರೆದುಕೊಂಡರು.

ಬೀಳ್ಕೊಡುಗೆಯ ದಿನ ಮಕ್ಕಳು ಆಟೋಗ್ರಾಫ್ ಪುಸ್ತಕ ತಂದಿದ್ದರು. ನಾವೇನು ಸಿನಿಮಾ ನಟರೇ ಅನ್ನಿಸಿ ಮುಜುಗರವಾಯಿತು, ಖುಷಿಯೂ ಆಯಿತು. ಒತ್ತಕ್ಷರದ ಹುಡುಗ ಬಂದಿರಲಿಲ್ಲ. ಹುಳ ಹಣ್ಣಾಗಿತ್ತೋ ಏನೋ. ಗಣಿತದ ಮೇಷ್ಟ್ರು ನಮ್ಮ ಚಾರ್ಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿ, “ಇವನ್ನ ನೀವೇ ತಗೊಂಡ್ ಹೋಗ್ರಪ್ಪ, ಮುಂದೆ ಬೇಕಾಗ್ತದೆ. ಆ ಸುರುಳಿ ಹಲಗೆ ಬಿಟ್ಟು ಹೋಗಿ” ಅಂದರು. ಬಿಟ್ಟು ಬಂದೆ. ವಾಪಸು ಬರುವಾಗ ಕಂಡಕ್ಟರು ಲಗೇಜು ಕೇಳಲಿಲ್ಲ.

ಆಮೇಲೆ ಎಲ್ಲರೂ ಒಂದೊಂದು ದಿಕ್ಕಿಗೆ ಹೋದೆವು. ಒಬ್ಬೊಬ್ಬರಾಗಿ ಕೆಲಸಕ್ಕೆ ಸೇರಿದೆವು. ಬೆಂಗಳೂರಿನ ಹುಡುಗಿ ಈಗ ಅಲ್ಲೇ ಒಂದು ಶಾಲೆಯ ಮುಖ್ಯಸ್ಥೆ, ಮುದ್ದೆ ಮಾತ್ರ ಇನ್ನೂ ನುಂಗಿಯೇ ತಿನ್ನುತ್ತಾಳಂತೆ. ಬಹಳ ವರ್ಷ ನಮ್ಮನ್ನು ಬೆಸೆದಿಟ್ಟದ್ದು ವರ್ಷಕ್ಕೊಂದು ಹಬ್ಬದ ಫೋನು ಮಾತ್ರ. 2024ರ ಡಿಸೆಂಬರ್ 10ರಂದು ಎಸ್.ಎಂ. ಕೃಷ್ಣ ತೀರಿಕೊಂಡರು. ಮಾರನೇ ದಿನ ಸೋಮನಹಳ್ಳಿಯಲ್ಲೇ ಅಂತ್ಯಕ್ರಿಯೆ. ಟಿ.ವಿ.ಯಲ್ಲಿ ದಿನವಿಡೀ ಸೋಮನಹಳ್ಳಿ, ಸೋಮನಹಳ್ಳಿ. 1932ರಲ್ಲಿ ಇಲ್ಲಿ ಹುಟ್ಟಿದ್ದು, 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದದ್ದು, ಅಮೆರಿಕದಲ್ಲಿ ಓದಿದ್ದು, ಎಲ್ಲ ಹೇಳಿದರು. ರಾಜಕೀಯಕ್ಕೆ ಬರುವ ಮುಂಚೆ ಬೆಂಗಳೂರಿನ ರೇಣುಕಾಚಾರ್ಯ ಕಾನೂನು ಕಾಲೇಜಿನಲ್ಲಿ ಅವರೂ ಮೇಷ್ಟ್ರಾಗಿದ್ದರು. ಅದನ್ನು ಯಾರೂ ಹೆಚ್ಚು ಹೇಳಲಿಲ್ಲ, ನಮ್ಮ ಕಿವಿ ಮಾತ್ರ ಅಲ್ಲೇ ನೆಟ್ಟಿತ್ತು. ಜನಜಂಗುಳಿಯ ಹಿಂದೆ ಊರಿನ ರಸ್ತೆ ಒಂದು ಕ್ಷಣ ಕಂಡಾಗ ಮಳವಳ್ಳಿಯವನು ಫೋನು ಮಾಡಿ, “ಲೋ, ನಮ್ಮ ಬಸ್‌ಸ್ಟಾಪು ಅದೇ ಅಲ್ವೇನೋ?” ಅಂದ. ಆ ಸಂಜೆಯೇ ಆರು ಜನರ ವಾಟ್ಸಾಪ್ ಗುಂಪು ಹುಟ್ಟಿತು. ಗುಂಪಿಗೆ ‘ಹಿಂದಿನ ಬೆಂಚು’ ಎಂದು ಹೆಸರಿಟ್ಟವರು ಅಣ್ಣ. ಅವರು ಈಗ ನಿವೃತ್ತರು.

ಗುಂಪಿನಲ್ಲಿ ಅಂದಿನಿಂದ ನಡೆದಿರುವುದು ಒಂದೇ ಚರ್ಚೆ, ಸೋಮನಹಳ್ಳಿಗೆ ಹೋಗಿ ಬರುವುದು ಯಾವಾಗ? ಈಗ ಬಿ.ಎಡ್. ಎರಡು ವರ್ಷವಾಗಿದೆ, ಪ್ರಶಿಕ್ಷಣಾರ್ಥಿಗಳು ತಿಂಗಳುಗಟ್ಟಲೆ ಶಾಲೆಯಲ್ಲೇ ಇರುತ್ತಾರೆ, ನಮ್ಮ ಶಾಲೆಗಳಿಗೂ ಬರುತ್ತಾರೆ, ಬಂದವರು ಎರಡನೇ ದಿನಕ್ಕೇ “ಸಾರ್, ಒಂದು ಪೀರಿಯಡ್ ನಾವೇ ತಗೋತೀವಿ” ಎಂದು ಮುಂದೆ ಹೋಗಿ ನಿಲ್ಲುತ್ತಾರೆ. ನಮಗೆ ಆಸೆ ಅದರ ಉಲ್ಟಾ. ಮಳವಳ್ಳಿಯವನು ಭಾನುವಾರ ಹೋಗೋಣ ಎನ್ನುತ್ತಾನೆ. ಭಾನುವಾರ ಬೀಗ ನೋಡಿಕೊಂಡು ಬರೋದಕ್ಕಾ ಎಂದು ನಾಗಮಂಗಲದವಳು. ದಸರಾ ರಜೆ ಎಂದರೆ ಅಲ್ಲಿಯೂ ರಜೆ. ಶಾಲೆ ನಡೆಯುವ ದಿನ ಹೋಗಬೇಕೆಂದರೆ ನಮ್ಮ ಶಾಲೆಯೂ ನಡೆಯುತ್ತಿರುತ್ತದೆ. ಐದು ಜನಕ್ಕೂ ಒಂದೇ ದಿನ ಸಿ.ಎಲ್. ಸಿಗಬೇಕು. ಒಮ್ಮೆ ಮೌಲ್ಯಮಾಪನ ಬಂತು, ಒಮ್ಮೆ ಗಣತಿ ಬಂತು, ಒಮ್ಮೆ ಕೆ.ಆರ್. ಪೇಟೆಯವನ ಶಾಲೆಗೆ ತಪಾಸಣೆ. ಅಣ್ಣ ಮಾತ್ರ, “ನಂಗೆ ಯಾವ ದಿನವಾದ್ರೂ ಆಗ್ತದೆ, ಮದ್ದೂರಲ್ಲಿ ಕಾಯ್ತಿರ್ತೀನಿ, ವಡೆ ಈ ಸಲ ಆರು ತಗೊಳ್ಳೋಣ” ಎಂದು ಬರೆಯುತ್ತಾರೆ. ಮುಂದಿನ ಶನಿವಾರ ಬೆಳಗಿನ ಶಾಲೆ ಎಂದು ನಿನ್ನೆ ಯಾರೋ ಹಾಕಿದ್ದಾರೆ. ಇನ್ನೂ ಇಬ್ಬರು ಉತ್ತರ ಕೊಟ್ಟಿಲ್ಲ.